ಅಪ್‌ಡೇಟ್: ಈಜುಕೊಳದ ಅಂಚುಗಲ್ಲು ಏಳುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಹಿತ್ತಲಿನ ಈಜುಕೊಳದ ಅಂಚುಗಲ್ಲುಗಳು ಸಡಿಲವಾಗುತ್ತಿವೆ, ಸುತ್ತಲಿನ ನೆಲದಲ್ಲಿ ನೀರು ನಿಲ್ಲುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ರಿಪೇರಿ ಮುಗಿದಿದೆ.

ಅಂಟಿನ ದೋಷವಲ್ಲ. ಅಂಚುಗಲ್ಲಿಗೂ ಕಾಂಕ್ರೀಟ್ ನೆಲಕ್ಕೂ ನಡುವಿನ ಸಂದಿಗೆ ಸಿಮೆಂಟ್ ತುಂಬಿತ್ತು. ಬಿಸಿಲಿಗೆ ಹಿಗ್ಗಿದ ನೆಲ ಬೇರೆ ಜಾಗವಿಲ್ಲದೆ ಕಲ್ಲನ್ನೇ ಕೊಳದತ್ತ ತಳ್ಳುತ್ತಿತ್ತು. ಆ ಸಿಮೆಂಟನ್ನು ನೆಲದ ಪೂರ್ತಿ ದಪ್ಪಕ್ಕೆ ಕತ್ತರಿಸಿ 12 ಮಿ.ಮೀ. ಸಂದು ಬಿಡಿಸಿದ್ದಾಯಿತು. ಧೂಳು ತೆಗೆದು, ಒಣಗಿಸಿ, 15 ಮಿ.ಮೀ. ಬ್ಯಾಕರ್ ರಾಡ್ (ಸಂದಿನೊಳಗೆ ತುರುಕುವ ಮೆತ್ತನೆಯ ಫೋಮ್ ಹಗ್ಗ) ಒತ್ತಿ ಕೂರಿಸಿ, ಮೇಲೆ 6 ಮಿ.ಮೀ. ದಪ್ಪಕ್ಕೆ ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್. ರಾಡ್ ಮಾತ್ರ ಬಿಡಲೇಬೇಡಿ: ಅದಿಲ್ಲದಿದ್ದರೆ ಸೀಲಂಟ್ ತಳಕ್ಕೂ ಅಂಟಿಕೊಂಡು, ಸರಾಗವಾಗಿ ಹಿಗ್ಗಲಾಗದೆ ಸೀಳಿಹೋಗುತ್ತದೆ.

ನೀರು ನಿಲ್ಲದಿರಲು ನೆಲವನ್ನು ಕೊಳದಿಂದ ಹೊರಕ್ಕೆ ಮೀಟರಿಗೆ 2 ಸೆಂ.ಮೀ. ಇಳಿಜಾರಿನಲ್ಲಿ ಮತ್ತೆ ಹಾಕಿ, ತುದಿಯಲ್ಲಿ ಜಾಲರಿ ಮುಚ್ಚಿದ ಚರಂಡಿ ಕೊಟ್ಟಿದೆ.

ಕೊಳ ಪೂರ್ತಿ ಖಾಲಿ ಮಾಡಿ ಎಂಬ ಸಲಹೆಯನ್ನು ಒಪ್ಪಲಿಲ್ಲ. ಅಂತರ್ಜಲ ಮೇಲಿದ್ದರೆ ಅದರ ಒತ್ತಡಕ್ಕೆ ಖಾಲಿ ತೊಟ್ಟಿ ಬಿರಿಯಬಹುದು, ತೇಲಿಯೂ ಏಳಬಹುದು. ಅಂಚಿನ ಕೆಲಸಕ್ಕೆ ನೀರನ್ನು ಒಂದು ಅಡಿ ಇಳಿಸಿದರೆ ಸಾಕು.

ಕೊಳದ ಪಕ್ಕದ ಪರ್ಗೋಲಾದ (ಕಂಬಗಳ ಮೇಲೆ ನಿಂತ ತೆರೆದ ಚಪ್ಪರ) ಕಂಬಗಳಿಗೆ ಕೊಳದ ಗೋಡೆಗೆ ತಾಗದ ಪ್ರತ್ಯೇಕ ಅಡಿಪಾಯವಿದೆ. ದೀಪಗಳು 12 ವೋಲ್ಟಿನವು, ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್). ಶಾಕ್ ಹೊಡೆಯದಂತೆ ಕೊಳದ ಹತ್ತಿರದ ಲೋಹದ ಭಾಗಗಳನ್ನೆಲ್ಲ ತಾಮ್ರದ ತಂತಿಯಿಂದ ಪರಸ್ಪರ ಜೋಡಿಸುವ ಕೆಲಸವನ್ನು ನೆಲ ಮುಚ್ಚುವ ಮೊದಲೇ ಅನುಭವಿ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ. ಆಮೇಲಾದರೆ ಹಾಕಿದ ನೆಲವನ್ನೇ ಒಡೆಯಬೇಕಾಗುತ್ತದೆ.