ಹಾಯಿದೋಣಿಗೆ ಎಐಎಸ್: ಯಾವುದು ಹಾಕಿಸೋದು, ಅಲಾರಂ ಎಷ್ಟಕ್ಕೆ ಇಡೋದು?

ಪ್ರಶ್ನೆ: 9 ಮೀಟರ್ ಹಾಯಿದೋಣಿಯಲ್ಲಿ ಇಂಗ್ಲೆಂಡಿನ ನೀಡಲ್ಸ್‌ನಿಂದ ಫ್ರಾನ್ಸಿನ ಶೆರ್ಬೂರ್‌ಗೆ ಇಂಗ್ಲಿಷ್ ಚಾನೆಲ್ ದಾಟಬೇಕು. ಹಡಗು ನೋಡೋಕೆ ಈಗಿರೋದು ಫೋನ್ ಆ್ಯಪ್ ಮಾತ್ರ. ಎಐಎಸ್ (ಹಡಗುಗಳು ತಮ್ಮ ಜಾಗ, ವೇಗ, ದಿಕ್ಕನ್ನು ರೇಡಿಯೊದಲ್ಲಿ ತಾವೇ ಸಾರೋ ವ್ಯವಸ್ಥೆ) ಹಾಕಿಸೋದಾದರೆ ಬರೀ ಕೇಳೋ ರಿಸೀವರ್ ಸಾಕಾ, ನಮ್ಮದನ್ನೂ ಕಳಿಸೋ ಟ್ರಾನ್ಸ್‌ಪಾಂಡರೇ ಬೇಕಾ? ಅಲಾರಂ ಎಷ್ಟಕ್ಕೆ ಇಡಬೇಕು?

ಉತ್ತರ 1: ಆ್ಯಪ್ ನೆಚ್ಚಿಕೊಳ್ಳಬೇಡಿ. ದಡದ ಆಂಟೆನಾ ಹಿಡಿದದ್ದು ಇಂಟರ್ನೆಟ್ ಸುತ್ತಿಕೊಂಡು ನಿಮಗೆ ಬರುತ್ತೆ. 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲಿ) ವೇಗದ ಹಡಗು ನಿಮಿಷಕ್ಕೆ 550 ಮೀಟರ್ ಸಾಗುತ್ತೆ. ಐದು ನಿಮಿಷ ಹಳೆಯ ಚಿತ್ರ ಅಂದರೆ ಒಂದೂವರೆ ನಾಟಿಕಲ್ ಮೈಲಿ ತಪ್ಪು. ಟ್ರಾನ್ಸ್‌ಪಾಂಡರೇ ಹಾಕಿಸಿ, ಹಡಗಿನವರಿಗೂ ನೀವು ಕಾಣಬೇಕಲ್ಲ. ಚಿಕ್ಕ ದೋಣಿಗಳ ಬಿ ವರ್ಗದಲ್ಲಿ 2 ವ್ಯಾಟಿನದು ಚಾನೆಲ್ ಖಾಲಿ ಸಿಕ್ಕಾಗಷ್ಟೇ ಕಳಿಸುತ್ತೆ, 5 ವ್ಯಾಟಿನದು ಸ್ಲಾಟ್ (ಕಳಿಸೋ ಸರದಿ) ಮೊದಲೇ ಕಾಯ್ದಿರಿಸುತ್ತೆ. ಹಡಗು ದಟ್ಟವಾಗಿರೋ ಕಡೆ ಹೆಚ್ಚಿನ ದುಡ್ಡು ಕೊಡೋದು ಇದಕ್ಕೇ. 5 ನಾಟ್ ವೇಗದಲ್ಲಿ ಎರಡೂ ಕಳಿಸೋದು 30 ಸೆಕೆಂಡಿಗೊಮ್ಮೆ.

ಉತ್ತರ 2: ಪೆಟ್ಟಿಗೆಗಿಂತ ಕೇಬಲ್ ಮುಖ್ಯ. ಮಾಸ್ಟ್ (ಹಾಯಿಕಂಬ) ತುದಿಯ ಆಂಟೆನಾದಿಂದ ಆರ್‌ಜಿ-58 ಅನ್ನೋ ತೆಳು ಕೇಬಲ್ 20 ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಪವರ್ ದಾರಿಯಲ್ಲೇ ಹೋಯ್ತು. ಆರ್‌ಜಿ-213 ದಪ್ಪ, ಬಾಗಿಸೋದು ಕಷ್ಟ, ಆದರೂ ಅದೇ ವಾಸಿ. ಮಾತಾಡೋ ವಿಎಚ್‌ಎಫ್ ರೇಡಿಯೊದ ಆಂಟೆನಾವನ್ನೇ ಹಂಚಿಕೊಳ್ಳೋದಾದರೆ ಟ್ರಾನ್ಸ್‌ಪಾಂಡರಿಗೆಂದೇ ಮಾಡಿದ ಸ್ಪ್ಲಿಟರ್ ತನ್ನಿ. ಬರೀ ಟಿ ಕನೆಕ್ಟರ್ ಹಾಕಿದರೆ, ಮೈಕ್ ಒತ್ತಿದಾಗ ರೇಡಿಯೊದ 25 ವ್ಯಾಟ್ ನೇರ ಎಐಎಸ್‌ಗೆ ನುಗ್ಗಿ ಸುಟ್ಟುಬಿಡುತ್ತೆ. ಮಾಸ್ಟ್ ಬುಡದ ಜಾಯಿಂಟ್ ಬಿಚ್ಚಿ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಮಾಸ್ಟ್‌ನಲ್ಲಿ ಎಲ್‌ಇಡಿ ದೀಪ ಇದೆಯಾ? ರೇಡಿಯೊದ ಖಾಲಿ ಚಾನೆಲಿನಲ್ಲಿ ಕರಕರ ಸದ್ದು ನಿಲ್ಲೋವರೆಗೆ ಸ್ಕ್ವೆಲ್ಚ್ (ಸದ್ದು ಅಡಗಿಸೋ ಗುಂಡಿ) ತಿರುಗಿಸಿ, ಆಮೇಲೆ ದೀಪ ಹಚ್ಚಿ. ಸದ್ದು ಮತ್ತೆ ಬಂದರೆ ದೀಪದ್ದೇ ಕಾಟ. ಎಐಎಸ್ ಕೂಡ ಅಷ್ಟೇ ಕಿವುಡಾಗಿರುತ್ತೆ.

ಉತ್ತರ 3: ಅಲಾರಂ ವಿಚಾರ. ಹೊರಗಡಲಲ್ಲಿ ಸಿಪಿಎ (ಹಡಗು ನಿಮಗೆ ಅತಿ ಹತ್ತಿರ ಬಂದಾಗಿನ ಅಂತರ) 1 ನಾಟಿಕಲ್ ಮೈಲಿ, ಟಿಸಿಪಿಎ (ಅದಕ್ಕೆ ಉಳಿದಿರೋ ಸಮಯ) 20 ನಿಮಿಷ ಇಡಿ. ನೀಡಲ್ಸ್ ಒಳಗಿನ ಕಿರಿದಾದ ಸೊಲೆಂಟ್ ಜಲಸಂಧಿಯಲ್ಲೂ ಹಾಗೇ ಬಿಟ್ಟರೆ ಕೂಗಿ ಕೂಗಿ ತಲೆ ತಿನ್ನುತ್ತೆ, ಅಲ್ಲಿ 0.2 ಮೈಲಿ, 5 ನಿಮಿಷ ಸಾಕು. ಅಲೆಯಲ್ಲಿ ನಿಮ್ಮ ದೋಣಿ ಹೊಯ್ದಾಡಿದಂತೆ ಸಿಪಿಎ ಒಮ್ಮೆ 0.3, ಮರುಕ್ಷಣ 1.2 ತೋರಿಸುತ್ತೆ. ಒಂದೇ ಅಂಕಿ ನೋಡಿ ತಿರುಗಿಸಬೇಡಿ. ಕೈ ದಿಕ್ಸೂಚಿಯಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಹಡಗಿನ ದಿಕ್ಕು ಅಳೆಯಿರಿ. ದಿಕ್ಕು ಬದಲಾಗದೆ ಹತ್ತಿರ ಬರ್ತಿದ್ದರೆ ಡಿಕ್ಕಿಯ ದಾರಿಯಲ್ಲೇ ಇದ್ದೀರಿ.

ಇನ್ನೊಂದು: ಸಿಪಿಎ ಲೆಕ್ಕ ಹಡಗಿನ ಜಿಪಿಎಸ್ ಆಂಟೆನಾದಿಂದ. ಆಂಟೆನಾ ಹಿಂಭಾಗದಲ್ಲಿದ್ದು ಮುಂತುದಿ 250 ಮೀಟರ್ ಮುಂದಿದ್ದರೆ, 0.1 ಮೈಲಿ, ಅಂದರೆ 185 ಮೀಟರ್ ಅಂತರದಲ್ಲಿ ಅದರ ಮುಂದೆ ದಾಟ್ತೀನಿ ಅನ್ನೋದು ಹಡಗಿನೊಳಗೇ ಹೊಕ್ಕಂತೆ. ಹಿಂದಿನಿಂದ ದಾಟಿ.

ಉತ್ತರ 4: 15 ಮೀಟರಿಗಿಂತ ಚಿಕ್ಕ ಮೀನುದೋಣಿಗಳಿಗೆ ಎಐಎಸ್ ಕಡ್ಡಾಯವಿಲ್ಲ, ಅವು ಪರದೆ ಮೇಲೆ ಕಾಣದೇ ಇರಬಹುದು. ಕಾವಲಿಗೆ ಕಣ್ಣೇ ಗತಿ. ಆಮೇಲೆ, ಟ್ರಾನ್ಸ್‌ಪಾಂಡರಿಗೆ ಎಂಎಂಎಸ್‌ಐ (ದೋಣಿಯ 9 ಅಂಕಿಯ ಗುರುತಿನ ಸಂಖ್ಯೆ) ತುಂಬುವಾಗ ಎರಡು ಸಲ ನೋಡಿ. ಬಹಳಷ್ಟು ಸೆಟ್‌ಗಳಲ್ಲಿ ಒಂದೇ ಸಲ ತುಂಬೋಕೆ ಬರೋದು, ತಪ್ಪಿದರೆ ಮಾರಿದವರ ಹತ್ತಿರ ಹೊತ್ತುಕೊಂಡು ಹೋಗಬೇಕು.