ಸ್ಕ್ರೂ ಗೋಡೆಯೊಳಗೆ ಸುತ್ತುತ್ತಲೇ ಇದೆ: 55 ಇಂಚಿನ ಟಿವಿಯನ್ನು ಇಲ್ಲಿ ಹಾಕಿಸಬಹುದೇ?

ಠಾಣೆ ಬಾಡಿಗೆಮನೆ:
ಘೋಡ್‌ಬಂದರ್ ರಸ್ತೆಯ ಒಂದು ಕಟ್ಟಡದ 12ನೆಯ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಹೊಸ ಟಿವಿ ಬಂದಿದೆ, ತೂಕ 14 ಕಿಲೋ. ಮಗನಿಗೆ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ ವಯಸ್ಸು. ಮೇಜಿನ ಮೇಲಿಟ್ಟರೆ ಎಳೆದು ಮೈಮೇಲೆ ಬೀಳಿಸಿಕೊಂಡಾನು ಎಂಬ ಭಯಕ್ಕೆ ಗೋಡೆಗೆ ಹಾಕಿಸೋಣ ಎಂದುಕೊಂಡೆವು. ಅತ್ತೆಯವರು ಪಕ್ಕದ ದಿವಾನದ ಮೇಲೆ ಮಲಗಿ ನೋಡುತ್ತಾರೆ, ಹಾಗಾಗಿ ಟಿವಿಯನ್ನು ಅವರ ಕಡೆಗೆ ತಿರುಗಿಸಬಹುದಾದ, ಮುಂದಕ್ಕೆ ಎಳೆಯಬಹುದಾದ ಬ್ರಾಕೆಟ್ ತರಿಸಿದೆವು.

ನಿನ್ನೆ ಬಂದ ಫಿಟ್ಟರ್ ನಾಲ್ಕು ತೂತು ಕೊರೆದ. ಕೆಳಗಿನ ಎರಡರಲ್ಲಿ ಸ್ಕ್ರೂ ಹೇಗೋ ನಿಂತಿತು. ಮೇಲಿನ ಎರಡರಲ್ಲಿ ಸ್ಕ್ರೂ ತಿರುಗಿಸಿದಂತೆ ಅದನ್ನು ಹಿಡಿದುಕೊಳ್ಳಲೆಂದು ತೂತಿಗೆ ಹಾಕಿದ ಪ್ಲಾಸ್ಟಿಕ್ ಗಿಟ್ಟಿಯೂ (ಪ್ಲಗ್) ಜೊತೆಗೇ ತಿರುಗುತ್ತಿತ್ತು. ಅವನು ಬೆಂಕಿಕಡ್ಡಿಗಳನ್ನು ಮುರಿದು ತೂತಿಗೆ ತುರುಕಿ, ‘ಇನ್ನು ಅಲ್ಲಾಡುವುದಿಲ್ಲ’ ಎಂದ. ಕೆಳಗೆ ಮಗ ಆಡುವ ಜಾಗ. ನನಗೆ ಧೈರ್ಯ ಬರಲಿಲ್ಲ, ಕೆಲಸ ನಿಲ್ಲಿಸಿದೆ. ಇದೇ ಗೋಡೆಗೆ ದೊಡ್ಡ ಸ್ಕ್ರೂ ಹಾಕಿಸಿದರೆ ಸರಿಹೋಗುತ್ತದೆಯೇ?

ಡೊಂಬಿವಲಿ ಗೋಡೆಕೆಲಸ:
ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು ಅಕ್ಕ. ಬೆಂಕಿಕಡ್ಡಿಯನ್ನು ನಂಬಿ ಕ್ಯಾಲೆಂಡರ್ ತೂಗುಹಾಕಬಹುದು, ಟಿವಿಯನ್ನಲ್ಲ. ಸ್ಕ್ರೂ ಮಾತು ಆಮೇಲೆ. ತೂತಿನಿಂದ ಉದುರಿದ ಪುಡಿ ಯಾವ ಬಣ್ಣದ್ದು? ಡ್ರಿಲ್ ಕಷ್ಟಪಟ್ಟು ಇಳಿಯಿತೋ, ಸಲೀಸಾಗಿ ಇಳಿಯಿತೋ? ಬಾಗಿಲ ಚೌಕಟ್ಟಿನ ಬಳಿ ಅಳೆದರೆ ಗೋಡೆಯ ದಪ್ಪ ಎಷ್ಟಿದೆ? ಬ್ರಾಕೆಟ್ಟಿನ ತೋಳು ಎಷ್ಟು ಮುಂದಕ್ಕೆ ಬರುತ್ತದೆ?

ಠಾಣೆ ಬಾಡಿಗೆಮನೆ:
ಗೋಡೆಯಂಚಿನಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಬೆರಳಿಂದ ಉಜ್ಜಿ ನೋಡಿದೆ, ಅಕ್ಕಿಹಿಟ್ಟಿನಂತೆ ನುಣುಪು, ತಿಳಿ ಬೂದು ಬಣ್ಣ. ಮೊದಲ ಒಂದು ಸೆಂಟಿಮೀಟರ್ ಮಾತ್ರ ಗಟ್ಟಿ, ಆಮೇಲೆ ಡ್ರಿಲ್ ಬಾಳೆದಿಂಡಿಗೆ ಇಳಿದಂತೆ ಇಳಿಯಿತು. ಡ್ರಿಲ್ಲನ್ನು ಹ್ಯಾಮರ್‌ನಲ್ಲಿಟ್ಟೇ, ಅಂದರೆ ಕುಟ್ಟುತ್ತಾ ತಿರುಗುವಂತೆ ಇಟ್ಟೇ ಕೊರೆದ. ಗೋಡೆ ಗಾರೆ ಸೇರಿ ಸುಮಾರು 12.5 ಸೆಂಟಿಮೀಟರ್. ತೋಳು 40 ಸೆಂಟಿಮೀಟರ್ ಬರುತ್ತದೆ.

ಡೊಂಬಿವಲಿ ಗೋಡೆಕೆಲಸ:
ಹಾಗಾದರೆ ಅದು ಎಎಸಿ ಎಂಬ ಹಗುರ ಬ್ಲಾಕಿನ ಗೋಡೆ. ನಮ್ಮ ಕಡೆಯ ಮೇಸ್ತ್ರಿಗಳು ಸಿಪೊರೆಕ್ಸ್ ಎನ್ನುವುದು ಇದನ್ನೇ. ಇಟ್ಟಿಗೆಯಾಗಿದ್ದರೆ ಪುಡಿ ಕೆಂಪಗಿರುತ್ತಿತ್ತು, ಕಾಂಕ್ರೀಟಾಗಿದ್ದರೆ ಡ್ರಿಲ್ ಅಷ್ಟು ಸುಲಭಕ್ಕೆ ಇಳಿಯುತ್ತಿರಲಿಲ್ಲ. ಸಿಮೆಂಟು, ಸುಣ್ಣ, ಹಾರುಬೂದಿಯ ಹಿಟ್ಟಿಗೆ ಅಲ್ಯೂಮಿನಿಯಂ ಪುಡಿ ಬೆರೆಸುತ್ತಾರೆ. ಇಡ್ಲಿ ಹಿಟ್ಟಿನಂತೆ ಒಳಗೆ ಗುಳ್ಳೆ ಎದ್ದು ಉಬ್ಬುತ್ತದೆ, ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ತೂಕ ಇಟ್ಟಿಗೆಯ ಸುಮಾರು ಮೂರನೆಯ ಒಂದು ಪಾಲು, ಎತ್ತರದ ಕಟ್ಟಡಗಳಲ್ಲಿ ಅದನ್ನು ಬಳಸುವುದೇ ಅದಕ್ಕೆ. ಗೋಡೆಯಾಗಿ ಅದರಲ್ಲಿ ದೋಷವಿಲ್ಲ. ಆದರೆ ಹ್ಯಾಮರ್ ಹೊಡೆತಕ್ಕೆ ತೂತಿನ ಒಳಭಾಗ ಪುಡಿಯಾಗಿ ಅಗಲವಾಗುತ್ತದೆ, ಗಿಡ್ಡ ಗಿಟ್ಟಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ನಿಮ್ಮಲ್ಲಿ ಆಗಿರುವುದು ಅದೇ. ಅದೇ ತೂತಿಗೆ ದಪ್ಪ ಸ್ಕ್ರೂ ಹಾಕಿದರೆ ಇನ್ನಷ್ಟು ಪುಡಿಯಾಗುತ್ತದೆ, ಅಷ್ಟೇ.

ಈಗ ತೋಳಿನ ಲೆಕ್ಕ ನೋಡಿ. ಗೋಡೆಗೆ ಅಂಟಿಕೊಂಡಿರುವ ಸಾದಾ ಬ್ರಾಕೆಟ್ಟಿನಲ್ಲಿ ಟಿವಿಯ ಭಾರ ಗೋಡೆಯಿಂದ ಸುಮಾರು 6 ಸೆಂಟಿಮೀಟರ್ ಆಚೆಗೆ. ಮೇಲಿನ, ಕೆಳಗಿನ ಸ್ಕ್ರೂಗಳ ನಡುವೆ 20 ಸೆಂಟಿಮೀಟರ್ ಇದ್ದರೆ, ಮೇಲಿನವುಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಎಳೆತ 14×6÷20, ಸುಮಾರು 4 ಕಿಲೋ. ಅದೇ ತೋಳನ್ನು 40 ಸೆಂಟಿಮೀಟರ್ ಎಳೆದಾಗ 14×40÷20, ಅಂದರೆ 28 ಕಿಲೋ. ತೋಳಿನದೇ ತೂಕ ಬೇರೆ. ಅದರ ಮೇಲೆ ಮಗು ಜೋತುಬಿದ್ದರೆ? ನಿಮ್ಮಲ್ಲಿ ಸುತ್ತುತ್ತಿರುವುದು ಈ ಎಳೆತ ತಡೆಯಬೇಕಾದ ಮೇಲಿನ ಎರಡೇ. ಈ ಗೋಡೆಗೆ ಈ ತೋಳಿನ ಬ್ರಾಕೆಟ್ ಬೇಡ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ತೋಳು ಬೇಕೇ ಬೇಕೆಂದರೆ ಗೋಡೆಯನ್ನು ಆರಪಾರ ಕೊರೆದು, ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಬಹುದು. ಬಾಡಿಗೆ ಮನೆಯಲ್ಲಿ ಮಲಗುವ ಕೋಣೆಯ ಗೋಡೆಯಿಂದ ನಾಲ್ಕು ಬೋಲ್ಟು ಇಣುಕುವುದನ್ನು ಮಾಲೀಕರು ಒಪ್ಪುತ್ತಾರೆಯೇ ಎಂಬುದನ್ನು ನೀವೇ ಹೇಳಬೇಕು.

ಮಾಪುಸಾ ನಿವಾಸಿ:
ನನ್ನ ಅನುಭವವನ್ನೂ ಸೇರಿಸುತ್ತೇನೆ. ಗೋವಾದ ನಮ್ಮ ಮನೆ ಕೆಂಪುಕಲ್ಲಿನದು, ಟಿವಿ ಇದ್ದದ್ದು ಪಡುವಣ ದಿಕ್ಕಿನ ಹೊರಗೋಡೆಯ ಮೇಲೆ. ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಿದರೆ ಸ್ಕ್ರೂಗಳ ಸುತ್ತ ಕಂದು ಕಲೆ, ಟಿವಿಯ ಹಿಂದೆ ಬೂಷ್ಟು. ಒಳಗೋಡೆಗೆ ಬದಲಾಯಿಸಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿದ ಮೇಲೆ ತೊಂದರೆಯಿಲ್ಲ. ಅಕ್ಕ, ನಿಮ್ಮದು ಹೊರಗೋಡೆಯೇ?

ಠಾಣೆ ಬಾಡಿಗೆಮನೆ:
ಅಲ್ಲ, ಹಾಲ್ ಮತ್ತು ಮಲಗುವ ಕೋಣೆಯ ನಡುವಿನದು, ತೇವವಿಲ್ಲ. ಕರಾರು 11 ತಿಂಗಳದ್ದು, ಆರಪಾರ ಕೊರೆಯಲು ಕೇಳುವ ಮನಸ್ಸೂ ನನಗಿಲ್ಲ. ಸಾದಾ ಬ್ರಾಕೆಟ್ ಆದರೆ ನಿಲ್ಲುತ್ತದೆಯೇ?

ಡೊಂಬಿವಲಿ ಗೋಡೆಕೆಲಸ:
ನಿಲ್ಲುತ್ತದೆ. ಹಳೆಯ ತೂತುಗಳಿಂದ ಒಂದು ಗೇಣಾದರೂ ದೂರ ಸರಿದು, ಹ್ಯಾಮರ್ ಆಫ್ ಮಾಡಿ ಬರೀ ತಿರುಗಣೆಯಲ್ಲಿ ಕೊರೆಯಬೇಕು. ಎಎಸಿಗೂ ಆಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವ ಉದ್ದನೆಯ ನೈಲಾನ್ ಪ್ಲಗ್ಗನ್ನೇ ಕೇಳಿ, 10 ಮಿಲಿಮೀಟರ್ ದಪ್ಪ, 80 ಉದ್ದ. 100ರದು ಬೇಡ, ನಿಮ್ಮ ಗೋಡೆಗೆ ಅದು ಹೆಚ್ಚಾಯಿತು. ಡ್ರಿಲ್ ಬಿಟ್‌ಗೆ 9 ಸೆಂಟಿಮೀಟರಿನಲ್ಲಿ ಟೇಪ್ ಸುತ್ತಿ ಗುರುತು ಮಾಡಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಪಕ್ಕದಲ್ಲಿ ಕೊರೆಸಬೇಡಿ, ವೈರಿನ ಪೈಪು ಹಾಗೆಯೇ ಹೋಗಿರುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅತ್ತೆಯವರು ದಿವಾನದ ಮೇಲೆ ದಿನವೂ ಮಲಗುವಂತೆ ಮಲಗಲಿ, ನೆಲದಿಂದ ಅವರ ಕಣ್ಣಿನವರೆಗೆ ಟೇಪ್ ಹಿಡಿದು ಅಳೆಯಿರಿ. ಸೋಫಾದಲ್ಲಿ ಕುಳಿತ ನಿಮ್ಮದನ್ನೂ ಅಳೆಯಿರಿ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಹತ್ತಿರವಿರಬೇಕು. ಫಿಟ್ಟರ್‌ಗಳು ನಿಂತುಕೊಂಡು ತಮ್ಮ ಎದೆಮಟ್ಟಕ್ಕೆ ಗುರುತು ಹಾಕಿಬಿಡುತ್ತಾರೆ, ನೋಡುವವರು ಮಾತ್ರ ವರ್ಷಗಟ್ಟಲೆ ಕತ್ತೆತ್ತಿ ಕೂರುತ್ತಾರೆ.

ಠಾಣೆ ಬಾಡಿಗೆಮನೆ:
ಅಳೆದೆ. ನನ್ನದು 104 ಸೆಂಟಿಮೀಟರ್, ಅತ್ತೆಯವರದು 66. ಫಿಟ್ಟರ್ ಹಾಕಿದ ಗುರುತಿನ ಪ್ರಕಾರ ಟಿವಿಯ ನಡುಭಾಗ 150ಕ್ಕೆ ಬರುತ್ತಿತ್ತು! ಅವರಿಗೆ ಕುತ್ತಿಗೆ ನೋವು ಮೊದಲೇ ಇದೆ. 45 ಸೆಂಟಿಮೀಟರ್ ಎತ್ತರದ ನಮ್ಮ ಹಳೆಯ ಮರದ ಮೇಜಿನ ಮೇಲಿಟ್ಟರೆ ನಡುಭಾಗ 87ಕ್ಕೆ ಬರುತ್ತದೆ, ಇಬ್ಬರಿಗೂ ನಡುವೆ.

ಡೊಂಬಿವಲಿ ಗೋಡೆಕೆಲಸ:
ಹಾಗಿದ್ದರೆ ಮೇಜೇ ಸರಿ. ಮಗುವಿನ ಭಯಕ್ಕೆ ಪಟ್ಟಿ ಕಟ್ಟಿಸಿ. ಟಿವಿ ಉರುಳದಂತೆ ಕಟ್ಟುವ ನೈಲಾನ್ ಪಟ್ಟಿಗಳು ಜೋಡಿಯಾಗಿ ಸಿಗುತ್ತವೆ. ಟಿವಿಯ ಬೆನ್ನಿನಲ್ಲಿ ಬ್ರಾಕೆಟ್ಟಿಗೆಂದು ಇರುವ ನಾಲ್ಕು ತೂತುಗಳಲ್ಲಿ ಮೇಲಿನ ಎರಡಕ್ಕೆ ಒಂದು ತುದಿ, ಗೋಡೆಯ ಎರಡು ಪ್ಲಗ್ಗಿಗೆ ಇನ್ನೊಂದು ತುದಿ, ಸಡಿಲ ಬಿಡದೆ ಬಿಗಿಯಿರಿ. ಪ್ಲಗ್ಗು ಮೇಲೆ ಹೇಳಿದ್ದೇ. ಇಲ್ಲಿ ಗೋಡೆ ದಿನವಿಡೀ ಭಾರ ಹೊರುವುದಿಲ್ಲ, ಟಿವಿ ಮುಂದಕ್ಕೆ ವಾಲಿದಾಗ ಮಾತ್ರ ಹಿಡಿದರೆ ಸಾಕು. ಮೇಜನ್ನೂ ಗೋಡೆಗೆ ಎಲ್ ಕ್ಲಾಂಪಿನಿಂದ ಕಟ್ಟಿ, ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತುತ್ತಾರೆ. ರಿಮೋಟನ್ನೂ ಆಟಿಕೆಯನ್ನೂ ಟಿವಿಯ ಮುಂದೆ ಇಡಬೇಡಿ, ಅವು ಕಂಡರೆ ಮಗು ಕೈಚಾಚದೆ ಇರದು.

ಠಾಣೆ ಬಾಡಿಗೆಮನೆ:
ಎರಡು ದಿನದ ನಂತರ ಬರೆಯುತ್ತಿದ್ದೇನೆ. ಮಾಲೀಕರು ಮೇಜಿನ ಹಿಂದೆ ಮರೆಯಾಗುವ ತೂತುಗಳಿಗೆ ಒಪ್ಪಿದರು. ಸೊಸೈಟಿಯ ಬಡಗಿ ಹ್ಯಾಮರ್ ಇಲ್ಲದೆ ಕೊರೆದರು. ಈ ಸಲ ಸ್ಕ್ರೂ ಕೊನೆಯ ಎರಡು ಸುತ್ತಿಗೆ ಅವರ ಮಣಿಕಟ್ಟು ನಡುಗುವಷ್ಟು ಬಿಗಿಯಾಯಿತು, ಪ್ಲಗ್ಗು ಕದಲಲಿಲ್ಲ. ಪಟ್ಟಿ ಕಟ್ಟಿದ ಮೇಲೆ ನಾನೇ ಟಿವಿಯ ಮೇಲಂಚು ಹಿಡಿದು ಎಳೆದು ನೋಡಿದೆ, ಒಂದು ಬೆರಳಿನಷ್ಟು ಬಂದು ನಿಂತಿತು. ಅತ್ತೆ ನಿನ್ನೆ ಎರಡು ದಿಂಬಿನ ಬದಲು ಒಂದೇ ದಿಂಬಿನಲ್ಲಿ ಮಲಗಿ ನೋಡಿದರು. ಅಣ್ಣ, ಮಾಪುಸಾದವರೇ, ಇಬ್ಬರಿಗೂ ಮನಸಾರೆ ವಂದನೆಗಳು. ಬ್ರಾಕೆಟ್ ನಾಳೆ ಅಂಗಡಿಗೆ ವಾಪಸು ಹೋಗುತ್ತದೆ. ಬೆಂಕಿಕಡ್ಡಿ ತುರುಕಿದ ತೂತುಗಳಿಗೆ ಪುಟ್ಟಿ ತುಂಬುವುದೊಂದು ಬಾಕಿ.