ಅಪ್‌ಡೇಟ್: ಅಮೆರಿಕದ ಪೈಲಟ್ ಲೈಸೆನ್ಸ್ ಕನ್ವರ್ಷನ್ ಎಲ್ಲಿಗೆ ಬಂತು

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ಕಮರ್ಷಿಯಲ್ ಲೈಸೆನ್ಸ್ ಇಟ್ಟುಕೊಂಡು ಭಾರತದಲ್ಲಿ ಕೆಲಸಕ್ಕೆ ಹಾರಲು ಏನೇನು ಬೇಕು ಅಂತ ಹೋದ ಮಳೆಗಾಲದಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಇಲ್ಲಿ ಲೈಸೆನ್ಸ್ ಕೊಡುವ ಡಿಜಿಸಿಎಯ ಪರೀಕ್ಷೆಗಳು ಮುಗಿದವು. ನ್ಯಾವಿಗೇಷನ್ ಮೊದಲ ಸಲ ಕೈಕೊಟ್ಟಿತು. 70 ಬೇಕಿತ್ತು, 66 ಬಂತು. ಗೋಣಿಕೊಪ್ಪದಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಎಮರ್ಜೆನ್ಸಿ ಲ್ಯಾಂಪ್ ಹಿಡಿದು ಓದಿದ್ದಕ್ಕೆ ಇಷ್ಟಾದರೂ ಬಂತಲ್ಲ! ಹವಾಮಾನದ ಭಾಗ ಮಾತ್ರ ಸಲೀಸು. ಗಾಳಿ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಮಳೆ ಸುರಿಸುವುದನ್ನು ನಮ್ಮ ಕಾಫಿ ಕಣದಲ್ಲೇ ನಿಂತು ನೋಡಿ ಬೆಳೆದವಳು ನಾನು.

ನಿಜವಾದ ಪೆಟ್ಟು ಬಿದ್ದದ್ದು ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್‌ನಲ್ಲಿ. ಇಲ್ಲಿನ ಲೈಸೆನ್ಸ್‌ಗೆ ಒಟ್ಟು 200 ಗಂಟೆ, ಅದರಲ್ಲಿ ಪೈಲಟ್ ಇನ್ ಕಮಾಂಡ್ (ಪಿಐಸಿ), ಅಂದರೆ ವಿಮಾನದ ಹೊಣೆ ನಮ್ಮದೇ ಆಗಿ ಹಾರಿದ್ದು, 100 ಇರಬೇಕು. ನನ್ನ ಪ್ರಕಾರ 118 ಇತ್ತು. ಆದರೆ ಅಮೆರಿಕದಲ್ಲಿ ಪ್ರೈವೇಟ್ ಲೈಸೆನ್ಸ್ ಬಂದಮೇಲೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರೂ, ನಾವೇ ಹಾರಿಸಿದರೆ ಪಿಐಸಿ ಅಂತ ಬರೆದುಕೊಳ್ಳಬಹುದು. ಇಲ್ಲಿ ಅದು ಡ್ಯುಯಲ್, ಅಂದರೆ ಇನ್‌ಸ್ಟ್ರಕ್ಟರ್ ಜೊತೆಗಿನ ಪಾಠದ ಗಂಟೆ, ಪಿಐಸಿಗೆ ಸೇರಲ್ಲ. ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಹೊಡೆದುಹಾಕಿದೆ. ಉಳಿದದ್ದು 93.

ಆ ಏಳು ಗಂಟೆಗೆ ಈಗ ಮೈಸೂರಿಗೆ ಓಡಾಟ, ಕೊಡಗಲ್ಲಿ ವಿಮಾನ ನಿಲ್ದಾಣ ಎಲ್ಲಿದೆ? ಖರ್ಚು ಕೇಳಿ ಅಪ್ಪ ಮಾತಾಡಲಿಲ್ಲ, ಕರಿಮೆಣಸಿನ ಚೀಲ ಲೆಕ್ಕ ಹಾಕಿದರು. ಇನ್ನೂ ಅಲ್ಲೇ ತರಬೇತಿಯಲ್ಲಿರುವವರು ಡ್ಯುಯಲ್ ಗಂಟೆಗಳನ್ನು ಇವತ್ತಿನಿಂದಲೇ ಬೇರೆ ಎಣಿಸಿಡಿ.